ಶಿವನಸಮುದ್ರದ ವಿದ್ಯುತ್ತು: ಕಂಪನಿಯ ಯಂತ್ರ, ಸಂಸ್ಥಾನದ ಒಡೆತನ

ಕೊಳ್ಳೇಗಾಲದಿಂದ ಸತ್ತೇಗಾಲದ ದಾರಿ ಹಿಡಿದು ಹೋದರೆ ಕಾವೇರಿ ಎರಡು ಕವಲಾಗಿ ಶಿವನಸಮುದ್ರವನ್ನು ಬಳಸಿ ಹರಿಯುವುದು ಕಾಣುತ್ತದೆ. ಪಡುವಣ ಕವಲು ಧುಮುಕುವಲ್ಲಿ ಗಗನಚುಕ್ಕಿ, ಮೂಡಣ ಕವಲಿನಲ್ಲಿ ಭರಚುಕ್ಕಿ. 1799ರಲ್ಲಿ ಟಿಪ್ಪು ಮಡಿದ ಮೇಲೆ ಹನೂರೂ ಸೇರಿದಂತೆ ಕೊಳ್ಳೇಗಾಲ ಸೀಮೆ ಬ್ರಿಟಿಷರ ಪಾಲಾಗಿ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತು. 1956ರವರೆಗೂ ಇಲ್ಲಿ ಹೊಳೆಯ ಈಚೆ ಮದರಾಸು, ಆಚೆ ಮೈಸೂರು. ವಿದ್ಯುತ್ ಕೇಂದ್ರ ಎದ್ದದ್ದು ಮೈಸೂರಿನ ದಡದಲ್ಲಿ, ಬ್ಲಫ್ ಎಂದು ಹೆಸರಾದ ಜಾಗದಲ್ಲಿ.

1890ರ ದಶಕದಲ್ಲಿ ಈ ಜಲಪಾತದಿಂದ ವಿದ್ಯುತ್ ತೆಗೆಯಲು ಹೊರಗಿನ ಖಾಸಗಿಯವರು ಅನುಮತಿ ಕೇಳಿಕೊಂಡು ಬಂದರು. ನೀರನ್ನು ಅವರ ಕೈಗೆ ಬಿಟ್ಟಿದ್ದರೆ ಮೈಸೂರು ಸಂಸ್ಥಾನಕ್ಕೆ ಖರ್ಚೂ ಇರುತ್ತಿರಲಿಲ್ಲ, ತಲೆನೋವೂ ಇರುತ್ತಿರಲಿಲ್ಲ. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಹಾಗೆ ಮಾಡಲಿಲ್ಲ. ಕೇಂದ್ರವನ್ನು ಸರ್ಕಾರವೇ ಕಟ್ಟಬೇಕು, ಕಂಪನಿಗಳಿಂದ ಯಂತ್ರ ಮತ್ತು ವಿದ್ಯೆಯನ್ನಷ್ಟೇ ಪಡೆಯಬೇಕು ಎಂಬುದು ಅವರ ನಿಲುವು. ಮುಂದಿನ ಕಥೆಗೆಲ್ಲ ಇದೇ ಬುನಾದಿ.

ಸಂಸ್ಥಾನದ ಎಂಜಿನಿಯರ್ ಜೋಲಿ ದ ಲಾಟ್‌ಬಿನಿಯರ್ 1899ರಲ್ಲಿ ಯೂರೋಪು, ಅಮೆರಿಕಗಳಿಗೆ ಹೋಗಿ ಇಂಥ ಕೇಂದ್ರಗಳನ್ನು ಕಣ್ಣಾರೆ ನೋಡಿಬಂದರು. ಟರ್ಬೈನುಗಳ ಕೆಲಸ ಜೂರಿಚ್ಚಿನ ಎಷರ್ ವಿಸ್‌ಗೆ ಸಿಕ್ಕಿತು; ಜನರೇಟರು ಮತ್ತು ತಂತಿಮಾರ್ಗದ್ದು ಅಮೆರಿಕದ ಜನರಲ್ ಎಲೆಕ್ಟ್ರಿಕ್‌ಗೆ. ಜನರಲ್ ಎಲೆಕ್ಟ್ರಿಕ್ ಹುಟ್ಟಿದ್ದೇ 1892ರಲ್ಲಿ. 1896ರಲ್ಲಿ ನಯಾಗರಾದಿಂದ ಬಫಲೋ ನಗರಕ್ಕೆ ವಿದ್ಯುತ್ ಹರಿದ ದೂರ ಮೂವತ್ತು ಮೈಲಿಯೂ ಇಲ್ಲ. ಮೈಸೂರು ಕೇಳಿದ್ದು ಕೋಲಾರದ ಚಿನ್ನದ ಗಣಿಯವರೆಗೆ 92 ಮೈಲಿ. ಆ ಕಾಲಕ್ಕೆ ಇದು ಎದೆಗಾರಿಕೆಯ ನಂಬಿಕೆಯೇ ಸರಿ. ಆದರೆ ಕುರುಡು ನಂಬಿಕೆಯಲ್ಲ: ಮೊದಲು ನೋಡಿ, ಆಮೇಲೆ ಕರಾರು ಮಾಡಿಕೊಂಡದ್ದು. ಗಣಿ ಕಂಪನಿಗಳೊಂದಿಗೂ ವಿದ್ಯುತ್ ಪೂರೈಕೆಗೆ ಒಪ್ಪಂದವಾಯಿತು.

ಭಾರಿ ಯಂತ್ರಗಳು ರೈಲಿನಲ್ಲಿ ಮದ್ದೂರಿಗೆ ಬಂದಿಳಿದವು. ಅಲ್ಲಿಂದ ಮುಂದೆ ಸುಮಾರು ಮೂವತ್ತು ಮೈಲಿ ಅವನ್ನು ಎಳೆದದ್ದು ಎತ್ತುಗಳು, ಆನೆಗಳು. 1901ರ ಸೆಪ್ಟೆಂಬರಿನಲ್ಲಿ ಶೇಷಾದ್ರಿ ಅಯ್ಯರ್ ತೀರಿಕೊಂಡರು; ತಾವು ಹಟಹಿಡಿದು ತಂದ ಬೆಳಕನ್ನು ಅವರು ಕಾಣಲಿಲ್ಲ. 1902ರ ಜೂನ್ 30ರಂದು ಕೋಲಾರದ ಗಣಿಗೆ ವಿದ್ಯುತ್ ತಲುಪಿತು. ತಲಾ 720 ಕಿಲೋವ್ಯಾಟಿನ ಆರು ಜನರೇಟರುಗಳು, 35,000 ವೋಲ್ಟಿನ ತಂತಿ. ಆಗ ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಅದೂ ಒಂದು. ಬೆಂಗಳೂರಿನ ಬೀದಿದೀಪ ಹೊತ್ತಿದ್ದು ಮೂರು ವರ್ಷದ ನಂತರ, 1905ರಲ್ಲಿ. ಜಲಪಾತದ ಸದ್ದಿಗೆ ಕಿವಿಗೊಟ್ಟು ಬದುಕುತ್ತಿದ್ದ ಊರುಗಳನ್ನು ದಾಟಿ ಮೊದಲ ವಿದ್ಯುತ್ತು ಬ್ರಿಟಿಷ್ ಕಂಪನಿಗಳ ಗಣಿಗೆ ಹೋಯಿತೆಂಬುದನ್ನು ಇತಿಹಾಸ ಮರೆಯಬಾರದು.

ಯಂತ್ರದ ಜೊತೆಗೆ ಅದನ್ನು ಬಲ್ಲವರೂ ಬೇಕಿತ್ತು. ಜನರಲ್ ಎಲೆಕ್ಟ್ರಿಕ್ ಕಡೆಯಿಂದ ಬಂದ ಎಚ್.ಪಿ. ಗಿಬ್ಸ್ ಕೊನೆಗೆ ಸಂಸ್ಥಾನದ ನೌಕರಿಗೇ ಸೇರಿ ಮುಖ್ಯ ವಿದ್ಯುತ್ ಎಂಜಿನಿಯರ್ ಆದರು. ಬೇಸಿಗೆಯಲ್ಲಿ ಹೊಳೆ ಇಳಿದಾಗ ಮಾತ್ರ ಯಾವ ಕಂಪನಿಯ ಯಂತ್ರವೂ ಕೈಹಿಡಿಯುವಂತಿರಲಿಲ್ಲ. ಗಣಿಗೆ ಕೊಟ್ಟ ಮಾತು ಉಳಿಸಿಕೊಳ್ಳಲು ವರ್ಷವಿಡೀ ನೀರು ಬೇಕಾಯಿತು. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಆರಂಭವಾಗಲು ನೀರಾವರಿಯ ಜೊತೆಗೆ ಈ ಅಗತ್ಯವೂ ಕಾರಣ.

ಆಮದು ಯಂತ್ರದ ಕಟ್ಟುಪಾಡೂ ಜೊತೆಯಲ್ಲೇ ಬಂದಿತ್ತು. ಶಿವನಸಮುದ್ರದ ವಿದ್ಯುತ್ತು ಸೆಕೆಂಡಿಗೆ 25 ಆವರ್ತಗಳದು. ದೇಶ 50 ಆವರ್ತಕ್ಕೆ ಒಗ್ಗಿಕೊಂಡಾಗ ಇಲ್ಲಿನ ಯಂತ್ರಗಳೂ ಅದಕ್ಕೆ ಹೊಂದಿಕೊಳ್ಳಬೇಕಾಯಿತು. ಒಡೆತನ ಸರ್ಕಾರದ್ದೇ ಆಗಿದ್ದುದರಿಂದ ಆ ಬದಲಾವಣೆಗೆ ಬೇರೆಯವರ ಅಪ್ಪಣೆ ಬೇಕಾಗಲಿಲ್ಲ.