ಎರವಲು ರೇಷ್ಮೆ

ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಮ್ಮಿನಲ್ಲಿ ‘ಮಿಸೆಸ್ ಜೆರಾತ್‌ಮೀಲ್ ಬೋವರ್ಸ್’ ಎಂಬ ಚಿತ್ರವಿದೆ. ಮ್ಯಾಸಚೂಸೆಟ್ಸಿನ ಸಿರಿವಂತ ಮನೆಯ ಹೆಣ್ಣುಮಗಳು, ಮಿರಮಿರ ಮಿಂಚುವ ರೇಷ್ಮೆ, ಜೊತೆಗೊಂದು ಮುದ್ದುನಾಯಿ. 1763ರ ಸುಮಾರಿಗೆ ಇದನ್ನು ಬರೆದವನು ಬಾಸ್ಟನ್ನಿನ ಜಾನ್ ಸಿಂಗಲ್ಟನ್ ಕಾಪ್ಲಿ. ಈಗ ಇಂಗ್ಲೆಂಡಿನ ಜೋಶುವಾ ರೆನಾಲ್ಡ್ಸ್ ಬರೆದ ಲೇಡಿ ಕ್ಯಾರೊಲಿನ್ ರಸೆಲ್ ಚಿತ್ರವನ್ನು ಇದರ ಪಕ್ಕ ಇಟ್ಟು ನೋಡಿ. ಅದೇ ಉಡುಪು, ಅದೇ ಭಂಗಿ, ನಾಯಿ ಕೂಡ ಅದೇ! ಮುಖ ಮಾತ್ರ ಬೇರೆ.

ಜಾತ್ರೆಯಲ್ಲಿ ಬಣ್ಣದ ಬೋರ್ಡಿನ ತೂತಿಗೆ ಮುಖ ತೂರಿಸಿ ಫೋಟೋ ತೆಗೆಸಿಕೊಳ್ಳುತ್ತಾರಲ್ಲ, ನನಗೆ ಥಟ್ಟನೆ ನೆನಪಾದದ್ದು ಅದು.

ಕಾಪ್ಲಿ ಆಗಿನ್ನೂ ಇಂಗ್ಲೆಂಡ್ ಕಂಡವನಲ್ಲ. ಆದರೆ ತಾಮ್ರದ ತಗಡಿನಿಂದ ಅಚ್ಚು ಹಾಕಿದ ಅಲ್ಲಿನ ಚಿತ್ರಗಳ ಪ್ರತಿಗಳು ಹಡಗಿನಲ್ಲಿ ಬಾಸ್ಟನ್ನಿಗೆ ಬರುತ್ತಿದ್ದವು. ಅವನ ಮಲತಂದೆ ಪೀಟರ್ ಪೆಲ್ಹಮ್‌ನ ಕಸುಬೇ ಅಂಥ ಅಚ್ಚುಗಳನ್ನು ಕೆತ್ತುವುದು. ಅಚ್ಚಿನಲ್ಲಿ ಬಣ್ಣವಿರಲಿಲ್ಲ. ಹಾಗಾಗಿ ವಿನ್ಯಾಸ ಲಂಡನ್ನಿನದು, ಬಣ್ಣ ಬಾಸ್ಟನ್ನಿನದು. ಷಿಕಾಗೋದಲ್ಲಿರುವ ‘ಮಿಸೆಸ್ ಡೇನಿಯಲ್ ಹಬರ್ಡ್’ ಕೂಡ ಹೀಗೆಯೇ ಇಂಗ್ಲಿಷ್ ಅಚ್ಚೊಂದರಿಂದ ಎದ್ದು ಬಂದವಳು.

ಇದು ಮೋಸ ಅನ್ನೋಣವೇ? ಬೇಡ. ಆ ಕಾಲದಲ್ಲಿ ಇದು ಎಲ್ಲರೂ ಒಪ್ಪಿದ್ದ ಪದ್ಧತಿ. ಹಡಗು, ವ್ಯಾಪಾರದಿಂದ ದುಡ್ಡು ಕಂಡ ವಸಾಹತಿನ ಮನೆತನಗಳಿಗೆ ಬಿರುದು ಬಾವಲಿ ಇರಲಿಲ್ಲ. ಅದನ್ನು ಗೋಡೆಯ ಮೇಲಾದರೂ ತೋರಿಸಬೇಕಿತ್ತು. ಹಾಗಾಗಿ ಗೌನು ಇಂಗ್ಲೆಂಡಿನ ಶ್ರೀಮಂತಳದ್ದು, ಹೆಸರು ಗಂಡನದ್ದು. ಚಿತ್ರದ ಶೀರ್ಷಿಕೆ ಇವತ್ತಿಗೂ ಗಂಡನ ಹೆಸರಿನದೇ. ಬೋವರ್ಸ್ ಮನೆಗೆ ಸೇರಿದ ಆಕೆ ಹುಟ್ಟಾ ಮೇರಿ ಶೆರ್ಬರ್ನ್, ಹಬರ್ಡ್ ಮನೆಗೆ ಸೇರಿದವಳು ಮೇರಿ ಗ್ರೀನ್. ಅವರ ಪಾಲಿಗೆ ಉಳಿದದ್ದು ಮುಖವೊಂದೇ.

ಆದರೆ ಮುಖದ ವಿಷಯದಲ್ಲಿ ಕಾಪ್ಲಿ ಹೆಚ್ಚು ಸುಳ್ಳು ಹೇಳುತ್ತಿರಲಿಲ್ಲ. 1771ರ ‘ಮಿಸೆಸ್ ಎಜೀಕಿಯಲ್ ಗೋಲ್ಡ್‌ಥ್ವೇಟ್’ ನೋಡಿ. ವಯಸ್ಸಾದ, ತುಂಬಿದ ಮೈಯ ಹೆಂಗಸು, ಹಣ್ಣಿನ ಬಟ್ಟಲಿಗೆ ಕೈ ಚಾಚಿ ಕೂತಿದ್ದಾಳೆ. ಯಾವ ಲೇಡಿಯ ಹಂಗೂ ಇಲ್ಲದ ಗೃಹಿಣಿ.

ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿದ್ದು ಮಾತ್ರ 1773ರ ಚಿತ್ರ. ಫಿಲಡೆಲ್ಫಿಯಾದ ಥಾಮಸ್ ಮಿಫ್ಲಿನ್ ಮತ್ತು ಹೆಂಡತಿ ಸಾರಾ ಮಾರಿಸ್. ಗಂಡ ಪುಸ್ತಕದಲ್ಲಿ ಬೆರಳಿಟ್ಟುಕೊಂಡು ಹಿಂದೆ ಕೂತಿದ್ದಾನೆ, ಅವಳತ್ತ ನೋಡುತ್ತಿದ್ದಾನೆ. ಮುಂದೆ ಕೂತಿರುವವಳು ಸಾರಾ. ಅವಳು ನೇರವಾಗಿ ನಮ್ಮನ್ನು ನೋಡುತ್ತಿದ್ದಾಳೆ, ಕೈ ಮಾತ್ರ ಪುಟ್ಟ ಮಗ್ಗದ ಮೇಲೆ ಕುಚ್ಚಿನ ಅಂಚು ನೇಯುತ್ತಿದೆ.

ನೇಯದಿದ್ದರೆ ಊಟಕ್ಕಿಲ್ಲ ಅನ್ನುವ ಮನೆಯೇನಲ್ಲ ಅದು. ಬ್ರಿಟಿಷ್ ತೆರಿಗೆಗೆ ಸಿಟ್ಟಾಗಿ ಇಂಗ್ಲೆಂಡಿನ ಸಾಮಾನು ಬೇಡ ಎಂದು ವಸಾಹತುಗಳು ಹಟ ಹಿಡಿದಿದ್ದ ವರ್ಷಗಳವು. ಅಂಗಡಿಯಲ್ಲಿ ಸಿಗುವ ಕುಚ್ಚನ್ನು ಮನೆಯಲ್ಲೇ ನೇಯುವುದು ಒಂದು ರಾಜಕೀಯ ಮಾತು. ಹತ್ತು ವರ್ಷದ ಹಿಂದೆ ಇಂಗ್ಲೆಂಡಿನ ಗೌನು ತೊಟ್ಟಂತೆ ಕಾಣಲು ದುಡ್ಡು ಕೊಡುತ್ತಿದ್ದ ವರ್ಗದ ಹೆಣ್ಣು, ಈಗ ಇಂಗ್ಲೆಂಡಿನ ದಾರ ಬೇಡ ಅನ್ನುವುದಕ್ಕೆ ದುಡ್ಡು ಕೊಟ್ಟಿದ್ದಳು. ಕ್ರಾಂತಿಯ ಕಥೆಯಲ್ಲಿ ನಮಗೆ ಬಂದೂಕು ಹಿಡಿದವರೇ ಕಾಣುತ್ತಾರೆ. ಆದರೆ ಬಯಕೆ ಬದಲಾದ ಗುರುತು ಮೊದಲೇ ಇಲ್ಲಿ, ಬೈಠಕ್ಕಿನ ಗೋಡೆಯ ಮೇಲೆ ಮೂಡಿತ್ತು.

ಅದೇ ವರ್ಷ ಡಿಸೆಂಬರಿನಲ್ಲಿ ಬಾಸ್ಟನ್ ಬಂದರಿನ ನೀರಿಗೆ ಚಹಾ ಬಿತ್ತು. ಆ ಚಹಾ ತರಿಸಿದ್ದ ವರ್ತಕರಲ್ಲಿ ಒಬ್ಬ ಕಾಪ್ಲಿಯ ಮಾವ ರಿಚರ್ಡ್ ಕ್ಲಾರ್ಕ್. ಎರಡು ಪಕ್ಷಗಳ ನಡುವೆ ಸಿಕ್ಕಿಬಿದ್ದ ಕಾಪ್ಲಿ 1774ರಲ್ಲಿ ಹಡಗು ಹತ್ತಿದ, ಮತ್ತೆ ತಿರುಗಿ ಬರಲಿಲ್ಲ. 1815ರಲ್ಲಿ ಲಂಡನ್ನಿನಲ್ಲೇ ತೀರಿಕೊಂಡ. ಎರವಲು ಗೌನುಗಳು ಬಂದ ಊರಿಗೆ ಚಿತ್ರಗಾರನೇ ಹೋಗಿ ಸೇರಿದ. ಅವುಗಳನ್ನು ತೊಟ್ಟಂತೆ ಕಂಡ ಹೆಂಗಸರು ಅಮೆರಿಕದ ಗೋಡೆಗಳ ಮೇಲೆ ಉಳಿದುಕೊಂಡರು.