ಒಂದೇ ಟಿಕೆಟಿಗೆ ಎರಡು ಬಾಲ್ಯ

1988ರ ಏಪ್ರಿಲ್ 16ರಂದು ಜಪಾನಿನ ಚಿತ್ರಮಂದಿರಗಳಲ್ಲಿ ಒಂದೇ ಟಿಕೆಟಿಗೆ ಎರಡು ಆನಿಮೇಶನ್ ಚಿತ್ರಗಳು ಬಂದವು. ಒಂದು ಹಯಾವೊ ಮಿಯಾಜಾಕಿ ನಿರ್ದೇಶಿಸಿದ ‘ತೊನಾರಿ ನೊ ತೊತೊರೊ’, ಅಂದರೆ ನೆರೆಮನೆಯ ತೊತೊರೊ. ಇನ್ನೊಂದು ಇಸಾವೊ ತಕಹಾತಾ ನಿರ್ದೇಶಿಸಿದ ‘ಹೊತಾರು ನೊ ಹಾಕಾ’, ಅಂದರೆ ಮಿಂಚುಹುಳುಗಳ ಸಮಾಧಿ. ಎರಡೂ ಸ್ಟುಡಿಯೊ ಜಿಬ್ಲಿಯಲ್ಲಿ ಒಟ್ಟೊಟ್ಟಿಗೆ ತಯಾರಾದವು. ಎರಡೂ ಸುಮಾರು ಒಂದೂವರೆ ಗಂಟೆಯವು. ಎರಡರಲ್ಲೂ ಇಬ್ಬರು ಮಕ್ಕಳು, ಕಿರಿಯವಳಿಗೆ ನಾಲ್ಕು ವರ್ಷ, ಅಮ್ಮ ಹತ್ತಿರವಿಲ್ಲ. ಒಂದನ್ನು ನೋಡಿದ ಮಕ್ಕಳು ನಗುತ್ತ ಮನೆಗೆ ಹೋಗುತ್ತಾರೆ. ಇನ್ನೊಂದನ್ನು ನೋಡಿದ ದೊಡ್ಡವರು ಎದ್ದು ಹೋಗಲಾರದೆ ಸೀಟಿನಲ್ಲೇ ಕೂತುಬಿಡುತ್ತಾರೆ. ಇವೆರಡರಲ್ಲಿ ಯಾವುದು ಮೇಲು ಎಂಬ ಪ್ರಶ್ನೆ ಅಂದಿನಿಂದ ಇಂದಿನವರೆಗೂ ನಿಂತಿಲ್ಲ.

ಸಾಮಾನ್ಯವಾಗಿ ಸಿಗುವ ಉತ್ತರ ಹೀಗಿರುತ್ತದೆ: ತೊತೊರೊ ಮುದ್ದಾದ ಚಿತ್ರ, ಮಿಂಚುಹುಳು ಮಹತ್ವದ ಚಿತ್ರ. ಸಾವು, ಹಸಿವು, ಯುದ್ಧ ಇರುವುದಕ್ಕೆ ಹೆಚ್ಚು ತೂಕ, ಮರ, ಮಳೆ, ರೋಮದ ಪ್ರಾಣಿ ಇರುವುದಕ್ಕೆ ಕಡಿಮೆ ತೂಕ. ಈ ತಕ್ಕಡಿ ಸರಿಯೇ ಎಂದು ನೋಡಬೇಕಾದರೆ, ಈ ಎರಡು ಚಿತ್ರಗಳು ಜೊತೆಯಾದದ್ದು ಹೇಗೆ ಎಂಬಲ್ಲಿಂದ ಶುರುಮಾಡಬೇಕು.

ತೊತೊರೊದ ಪ್ರಸ್ತಾಪ ಮೊದಲು ಹೋದಾಗ ತೊಕುಮಾ ಶೊತೆನ್ ಪ್ರಕಾಶನದ ಹಿರಿಯರು ಒಪ್ಪಲಿಲ್ಲ. ಹಳ್ಳಿ, ಇಬ್ಬರು ಹುಡುಗಿಯರು, ಕಾಡಿನ ಒಂದು ಭೂತ. ಇದನ್ನು ದುಡ್ಡು ಕೊಟ್ಟು ಯಾರು ನೋಡುತ್ತಾರೆ? ಆಗ ತೋಶಿಯೊ ಸುಜುಕಿ ಒಂದು ಉಪಾಯ ಹೂಡಿದರು. ಇದರ ಜೊತೆಗೆ ಅಕಿಯುಕಿ ನೊಸಾಕಾ ಅವರ ಕತೆಯನ್ನೂ ಚಿತ್ರ ಮಾಡೋಣ, ಎರಡನ್ನೂ ಸೇರಿಸಿ ಬಿಡುಗಡೆ ಮಾಡೋಣ ಎಂದರು. ಭೂತ ಸಾಲದೆಂದು ಸಮಾಧಿ ಬೇರೆಯೇ ಎಂದು ಮೇಲಿನವರು ರೇಗಿದರಂತೆ. ಆದರೆ ನೊಸಾಕಾ ಅವರ ಪುಸ್ತಕ ಶಿಂಚೊಶಾ ಎಂಬ ಪ್ರತಿಷ್ಠಿತ ಪ್ರಕಾಶನದ್ದು. ಅವರು ಬಂಡವಾಳ ಹಾಕಲು ಮುಂದೆ ಬಂದ ಮೇಲೆ ಕೆಲಸ ಸುಲಭವಾಯಿತು. ಪ್ರಸಿದ್ಧ ಸಾಹಿತ್ಯ ಕೃತಿ ಎಂದರೆ ಶಾಲೆಗಳು ಮಕ್ಕಳನ್ನು ಕರೆತರುತ್ತವೆ ಎಂಬ ಲೆಕ್ಕವೂ ಇತ್ತು. ಹೀಗೆ ಲೋಕಕ್ಕೆ ‘ಹಗುರ’ವಾಗಿ ಕಂಡ ಚಿತ್ರ ‘ಭಾರ’ದ ಚಿತ್ರದ ಕೈ ಹಿಡಿದುಕೊಂಡು ಹುಟ್ಟಿತು.

ಕೆಲಸ ಮಾತ್ರ ಸುಲಭವಾಗಲಿಲ್ಲ. ಒಂದೇ ಸಣ್ಣ ಸ್ಟುಡಿಯೊದಲ್ಲಿ ಎರಡು ಪೂರ್ಣ ಚಿತ್ರಗಳು. ಯೊಶಿಫುಮಿ ಕೊಂಡೊ ಎಂಬ ಒಬ್ಬ ಚಿತ್ರಗಾರ ತಮಗೇ ಬೇಕೆಂದು ಇಬ್ಬರು ನಿರ್ದೇಶಕರೂ ಹಟ ಹಿಡಿದರು, ಕೊನೆಗೆ ಅವರು ತಕಹಾತಾ ಪಾಲಾದರು. ಬಿಡುಗಡೆಯ ದಿನ ಬಂದರೂ ಮಿಂಚುಹುಳುವಿನ ಕೆಲವು ದೃಶ್ಯಗಳಿಗೆ ಬಣ್ಣ ತುಂಬಿ ಮುಗಿದಿರಲಿಲ್ಲ, ಹಾಗೆಯೇ ತೆರೆಗೆ ಹೋಯಿತು. ತೊತೊರೊದಲ್ಲಿ ಮೊದಲು ಇದ್ದದ್ದು ಒಬ್ಬಳೇ ಹುಡುಗಿ. ಚಿತ್ರ ಉದ್ದವಾದಂತೆ ಮಿಯಾಜಾಕಿ ಅವಳನ್ನು ಇಬ್ಬರಾಗಿ ಒಡೆದರು. ಅದರ ಗುರುತು ಹೆಸರಲ್ಲೇ ಉಳಿದಿದೆ: ಅಕ್ಕ ಸತ್ಸುಕಿ, ತಂಗಿ ಮೇ. ‘ಸತ್ಸುಕಿ’ ಹಳೆಯ ಜಪಾನಿ ಪಂಚಾಂಗದ ಐದನೇ ತಿಂಗಳು, ‘ಮೇ’ ಇಂಗ್ಲಿಷಿನ ಐದನೇ ತಿಂಗಳು. ಬಸ್ ಸ್ಟಾಪಿನಲ್ಲಿ ತೊತೊರೊ ಪಕ್ಕ ನಿಂತ ಪೋಸ್ಟರಿನಲ್ಲಿ ಇಂದಿಗೂ ಒಬ್ಬಳೇ ಹುಡುಗಿ ಇದ್ದಾಳೆ. ಅವಳಲ್ಲಿ ಇಬ್ಬರ ಹೋಲಿಕೆಯೂ ಇದೆ.

ಶೀರ್ಷಿಕೆಗಳಲ್ಲೂ ಇಂಥ ಇತಿಹಾಸ ಅಡಗಿದೆ. ಮಿಂಚುಹುಳುವಿಗೆ ಜಪಾನಿಯಲ್ಲಿ ‘ಹೊತಾರು’ ಎನ್ನುತ್ತಾರೆ, ಬರೆಯುವುದಕ್ಕೆ ಅದಕ್ಕೆಂದೇ ಒಂದು ಲಿಪಿಚಿಹ್ನೆ ಇದೆ. ನೊಸಾಕಾ ಅದನ್ನು ಬಿಟ್ಟು ‘ಬೆಂಕಿ’ ಮತ್ತು ‘ಇಳಿಬೀಳು’ ಎಂಬ ಎರಡು ಚಿಹ್ನೆಗಳನ್ನು ಜೋಡಿಸಿ ಬರೆದರು. ಉಚ್ಚಾರ ಅದೇ. ಕಣ್ಣಿಗೆ ಕಾಣುವುದು ಮಾತ್ರ ಹುಳುವಲ್ಲ, ಆಕಾಶದಿಂದ ಇಳಿಯುವ ಬೆಂಕಿ. 1945ರಲ್ಲಿ ಕೋಬೆ ನಗರದ ಮೇಲೆ ಸುರಿದ ಬೆಂಕಿಬಾಂಬುಗಳನ್ನು ಕಂಡವರಿಗೆ ವಿವರಣೆ ಬೇಕಿರಲಿಲ್ಲ.

ಇತ್ತ ‘ತೊತೊರೊ’ ಎಂಬುದು ಮಗುವಿನ ತೊದಲು. ಚಿತ್ರಪುಸ್ತಕದಲ್ಲಿ ಕಂಡ ‘ತೊರೊರು’, ಅಂದರೆ ಯುರೋಪಿನ ಕತೆಗಳ ಟ್ರೋಲ್ ಎಂಬ ಭೂತದ ಹೆಸರನ್ನು ಮೇ ಹಾಗೆ ಉಚ್ಚರಿಸುತ್ತಾಳೆ. ಅದರ ಹಿಂದಿರುವ ‘ತೊನಾರಿ’ ಎಂದರೆ ಪಕ್ಕದ್ದು, ನೆರೆಯದ್ದು. ಈ ಪುಟ್ಟ ಪದವೇ ಎರಡು ಚಿತ್ರಗಳ ನಡುವಿನ ಸೇತುವೆ.

1940ರಲ್ಲಿ ಜಪಾನ್ ಸರ್ಕಾರ ‘ತೊನಾರಿಗುಮಿ’ ಎಂಬ ವ್ಯವಸ್ಥೆಯನ್ನು ದೇಶವಿಡೀ ಜಾರಿಗೆ ತಂದಿತು. ಸುಮಾರು ಹತ್ತು ಮನೆಗಳಿಗೆ ಒಂದು ನೆರೆಕೂಟ. ರೇಷನ್ ಹಂಚುವುದು, ಬಾಂಬ್ ಬಿದ್ದಾಗ ಬೆಂಕಿ ಆರಿಸುವ ತಾಲೀಮು, ಸರ್ಕಾರದ ಸುತ್ತೋಲೆಗಳನ್ನು ಮನೆಮನೆಗೆ ದಾಟಿಸುವುದು, ಯಾರು ಏನು ಮಾತಾಡುತ್ತಾರೆ ಎಂದು ಕಿವಿಗೊಡುವುದು, ಎಲ್ಲವೂ ಅದರ ಕೆಲಸ. ಯುದ್ಧ ಮುಗಿದ ಮೇಲೆ, 1947ರಲ್ಲಿ, ಅಮೆರಿಕದ ಆಡಳಿತ ಅದನ್ನು ರದ್ದು ಮಾಡಿತು. ಅಲ್ಲಿಯವರೆಗೆ ನೆರೆ ಎಂದರೆ ಸಹಾಯಕ್ಕೆ ಬರುವವರು ಎಂಬಷ್ಟೇ ಅರ್ಥವಿರಲಿಲ್ಲ. ನೆರೆ ಎಂದರೆ ಒಂದು ಪಟ್ಟಿ. ಆ ಪಟ್ಟಿಯಲ್ಲಿ ಇಲ್ಲದವರಿಗೆ ಅಕ್ಕಿ ಇಲ್ಲ.

ಮಿಂಚುಹುಳುವನ್ನು ಈ ಪಟ್ಟಿಯನ್ನು ನೆನಪಿಟ್ಟುಕೊಂಡು ನೋಡಿದರೆ ಕತೆ ಬೇರೆಯಾಗಿ ಕಾಣುತ್ತದೆ. ಹದಿನಾಲ್ಕರ ಸೇಟಾ, ನಾಲ್ಕರ ಸೆತ್ಸುಕೊ. ಜೂನ್ 5ರ ದಾಳಿಯಲ್ಲಿ ಅಮ್ಮ ಸುಟ್ಟು ಸಾಯುತ್ತಾಳೆ, ಅಪ್ಪ ನೌಕಾಪಡೆಯಲ್ಲಿ. ದೂರದ ಸಂಬಂಧದ ಅತ್ತೆಯೊಬ್ಬಳು ಇಬ್ಬರನ್ನೂ ಮನೆಗೆ ಸೇರಿಸಿಕೊಳ್ಳುತ್ತಾಳೆ. ಅಮ್ಮನ ಕಿಮೊನೊಗಳು ಅಕ್ಕಿಯಾಗುತ್ತವೆ, ಅಕ್ಕಿ ಕರಗಿದಂತೆ ಅತ್ತೆಯ ಮಾತು ಹರಿತವಾಗುತ್ತದೆ. ಬೆಂಕಿ ಆರಿಸುವ ಕೆಲಸಕ್ಕೂ ಹೋಗದೆ ಕೂತು ತಿನ್ನುತ್ತೀಯಲ್ಲ ಎಂಬುದು ಅವಳ ಆಕ್ಷೇಪ. ಸೇಟಾ ತಂಗಿಯನ್ನು ಕರೆದುಕೊಂಡು ಕೆರೆದಂಡೆಯ ಒಂದು ಗವಿಗೆ ಹೋಗಿಬಿಡುತ್ತಾನೆ. ಅಮ್ಮ ಬ್ಯಾಂಕಿನಲ್ಲಿಟ್ಟ ಏಳು ಸಾವಿರ ಯೆನ್ ಅವನ ಹತ್ತಿರ ಇದೆ. ಆದರೂ ಅಕ್ಕಿ ಸಿಗುವುದಿಲ್ಲ. ಈಗೆಲ್ಲ ರೇಷನ್ನು, ನೆರೆಕೂಟದಲ್ಲಿ ಇರದೆ ಬದುಕಲಾಗದು, ಕ್ಷಮೆ ಕೇಳಿ ಅತ್ತೆಯ ಮನೆಗೆ ವಾಪಸು ಹೋಗು ಎಂದು ಒಬ್ಬ ರೈತ ಬುದ್ಧಿ ಹೇಳುತ್ತಾನೆ. ಹುಡುಗ ಹೋಗುವುದಿಲ್ಲ. ಆಗಸ್ಟಿನಲ್ಲಿ ತಂಗಿ, ಸೆಪ್ಟೆಂಬರ್ 21ರ ರಾತ್ರಿ ರೈಲ್ವೆ ನಿಲ್ದಾಣದಲ್ಲಿ ಅಣ್ಣ.

ಇದು ಕೇವಲ ಯುದ್ಧವಿರೋಧಿ ಚಿತ್ರವಲ್ಲ ಎಂದು ತಕಹಾತಾ ಮತ್ತೆ ಮತ್ತೆ ಹೇಳುತ್ತಿದ್ದರು. ಸಮಾಜದಿಂದ ಕಳಚಿಕೊಂಡು ತಮ್ಮಿಬ್ಬರದ್ದೇ ಒಂದು ಲೋಕ ಕಟ್ಟಿಕೊಳ್ಳಲು ಹೊರಟ ಮಕ್ಕಳ ಕತೆ ಇದು, 1980ರ ದಶಕದ ಹುಡುಗರಿಗೆ ಇದು ತಮ್ಮದೇ ಕತೆಯಾಗಿ ಕಾಣಬೇಕು ಎಂಬುದು ಅವರ ಆಸೆ. ಕಾಲದ ಗಾಳಿ ತಿರುಗಿದರೆ ಜನ ಅತ್ತೆಗಿಂತ ಕಟುವಾಗಿ ಸೇಟಾನನ್ನು ಬೈಯಬಹುದು ಎಂದೂ ಅವರು ಅಂದೇ ಹೇಳಿದ್ದರು. ಈಗ ಜಪಾನಿನಲ್ಲಿ ಅತ್ತೆಯದ್ದೇನು ತಪ್ಪು ಎನ್ನುವವರು ಬೇಕಾದಷ್ಟು ಸಿಗುತ್ತಾರೆ.

ಈ ಚಿತ್ರದ ಹಿಂದೆ ಇಬ್ಬರ ನೆನಪುಗಳಿವೆ. 1945ರ ಜೂನ್ 29ರ ಬೆಳಗಿನ ಜಾವ ಒಕಾಯಾಮಾ ನಗರ ಹತ್ತಿ ಉರಿದಾಗ ಒಂಬತ್ತರ ತಕಹಾತಾ ಮನೆಯವರಿಂದ ಬೇರ್ಪಟ್ಟು ಅಕ್ಕನ ಜೊತೆ ಬೀದಿಗಳಲ್ಲಿ ಓಡಿದ್ದರು. ನೊಸಾಕಾ ಅವರದ್ದು ಇನ್ನೂ ನೋವಿನ ಕತೆ. ಅವರ ಪುಟ್ಟ ತಂಗಿ ಆ ವರ್ಷ ಆಹಾರವಿಲ್ಲದೆ ಸತ್ತಳು. ಕತೆಯ ಸೇಟಾನಷ್ಟು ಒಳ್ಳೆಯವನಾಗಿ ತಾನಿರಲಿಲ್ಲ, ಸಿಕ್ಕಿದ್ದನ್ನು ಮೊದಲು ತಾನೇ ತಿಂದೆ ಎಂದು ಅವರು ಒಪ್ಪಿಕೊಂಡಿದ್ದರು. 1967ರಲ್ಲಿ ಪ್ರಕಟವಾಗಿ ನಾಓಕಿ ಪ್ರಶಸ್ತಿ ಪಡೆದ ಆ ಕತೆ ತಂಗಿಗೆ ತಡವಾಗಿ ಸಲ್ಲಿಸಿದ ತಪ್ಪೊಪ್ಪಿಗೆ.

ಇಂಥದ್ದರ ಪಕ್ಕದಲ್ಲಿ ತೊತೊರೊ ಹೇಗೆ ನಿಂತೀತು? ಮಿಯಾಜಾಕಿಗೂ ಒಂದು 1945 ಇದೆ ಎಂಬುದನ್ನು ಮರೆಯುವುದರಿಂದಲೇ ಈ ಸಂಶಯ ಬರುತ್ತದೆ. ಆ ಜುಲೈನಲ್ಲಿ ಉತ್ಸುನೊಮಿಯಾ ನಗರದ ಮೇಲೆ ಬಾಂಬ್ ಬಿತ್ತು. ಅವರ ಕುಟುಂಬಕ್ಕೆ ವಿಮಾನದ ಬಿಡಿಭಾಗಗಳ ಕಾರ್ಖಾನೆ ಇತ್ತು, ಹಾಗಾಗಿ ತಪ್ಪಿಸಿಕೊಳ್ಳಲು ಲಾರಿಯೂ ಇತ್ತು. ಹೊರಡುವಾಗ ಮಗುವನ್ನು ಎತ್ತಿಕೊಂಡ ಒಬ್ಬರು ನಮ್ಮನ್ನೂ ಹತ್ತಿಸಿಕೊಳ್ಳಿ ಎಂದು ಬೇಡಿದರು. ಲಾರಿ ನಿಲ್ಲಲಿಲ್ಲ. ಒಳಗಿದ್ದ ಮಿಯಾಜಾಕಿಗೆ ಆಗ ನಾಲ್ಕು ವರ್ಷ, ಮೇಯಷ್ಟೇ, ಸೆತ್ಸುಕೊಳಷ್ಟೇ. ನಿಲ್ಲಿಸಿ ಎಂದು ಹೇಳುವ ಮಗು ಒಂದಿದ್ದಿದ್ದರೆ ಎಂಬ ಕೊರಗು ತನ್ನನ್ನು ಬಿಡಲಿಲ್ಲ ಎಂದು ಅವರು ಮುಂದೆ ಹೇಳಿಕೊಂಡರು. ಅದೇ ಮನುಷ್ಯ ‘ತೊನಾರಿ’ ಎಂಬ ಪದವನ್ನು ಶೀರ್ಷಿಕೆಗೆ ಇಟ್ಟ.

ತೊತೊರೊ 1950ರ ದಶಕದ ಕತೆ. ಅಮ್ಮ ಆಸ್ಪತ್ರೆಯಲ್ಲಿದ್ದಾಳೆ, ಕಾಯಿಲೆಯ ಹೆಸರು ಯಾರೂ ಹೇಳುವುದಿಲ್ಲ. ಮಿಯಾಜಾಕಿಯ ಸ್ವಂತ ತಾಯಿ ಬೆನ್ನುಮೂಳೆಯ ಕ್ಷಯದಿಂದ ವರ್ಷಗಟ್ಟಲೆ ಮಲಗಿದ್ದವರು. 1950ರವರೆಗೂ ಜಪಾನಿನಲ್ಲಿ ಅತಿ ಹೆಚ್ಚು ಜನರನ್ನು ಕೊಂದ ಕಾಯಿಲೆ ಅದು. ಹಾಗಾಗಿ ಈ ಹಳ್ಳಿಯಲ್ಲೂ ಸಾವು ಬಾಗಿಲಾಚೆಯೇ ನಿಂತಿದೆ. ವ್ಯತ್ಯಾಸ ಇರುವುದು ಬಾಗಿಲೀಚೆ. ಪಕ್ಕದ ಮನೆಯ ಅಜ್ಜಿ ಬಂದು ಮನೆ ಗುಡಿಸುತ್ತಾಳೆ. ಅಕ್ಕನನ್ನು ಬಿಟ್ಟಿರಲಾರದೆ ತರಗತಿಗೇ ಬಂದ ಮೇಯನ್ನು ಟೀಚರು ಪಕ್ಕದಲ್ಲಿ ಕೂರಿಸುತ್ತಾರೆ. ಕಾಡಿನಲ್ಲಿ ಭೂತ ಕಂಡೆ ಎಂದ ಮಗಳನ್ನು ಅಪ್ಪ ನಗೆಯಾಡುವುದಿಲ್ಲ, ಮರದ ಬಳಿ ಹೋಗಿ ವಂದಿಸೋಣ ಎನ್ನುತ್ತಾನೆ. ಮಳೆಯಲ್ಲಿ ನಿಂತ ಹುಡುಗಿಯರ ಕೈಗೆ ಕಾಂತಾ ಎಂಬ ಹುಡುಗ ಮಾತಿಲ್ಲದೆ ತನ್ನ ಕೊಡೆ ತುರುಕಿ ಓಡುತ್ತಾನೆ. ಅದೇ ಸಂಜೆ ಬಸ್ ಸ್ಟಾಪಿನಲ್ಲಿ ಸತ್ಸುಕಿ ಅಪ್ಪನಿಗೆಂದು ತಂದ ಕೊಡೆಯನ್ನು ತೊತೊರೊಗೆ ಕೊಡುತ್ತಾಳೆ. ಈ ಕೊಡೆಗಳು ಯಾವ ಪಟ್ಟಿಯಲ್ಲೂ ಇಲ್ಲ, ಯಾರ ಲೆಕ್ಕಕ್ಕೂ ಸಿಗುವುದಿಲ್ಲ.

ಎರಡು ಚಿತ್ರಗಳನ್ನು ತೂಗಬೇಕಾದ ಜಾಗ ಇದು: ದೊಡ್ಡ ಮಗು ಅಳುವ ಕ್ಷಣ. ಅಮ್ಮ ಸತ್ತ ಸುದ್ದಿಯನ್ನು ಸೇಟಾ ತಂಗಿಯಿಂದ ಬಚ್ಚಿಡುತ್ತಾನೆ. ಅವಳಿಗೆ ಅದು ಆಗಲೇ ಗೊತ್ತಿತ್ತು ಎಂದು ತಿಳಿದ ದಿನ ಅವನ ಕಣ್ಣೀರು ಇಳಿಯುತ್ತದೆ, ನೋಡಲು ನಾಲ್ಕು ವರ್ಷದ ಆ ತಂಗಿಯ ಹೊರತು ಇನ್ನು ಯಾರೂ ಇಲ್ಲ. ಆಸ್ಪತ್ರೆಯಿಂದ ತಂತಿ ಬಂದ ದಿನ ಸತ್ಸುಕಿಯೂ ಒಡೆದುಹೋಗುತ್ತಾಳೆ, ಅಮ್ಮ ಸತ್ತುಹೋದರೆ ಎಂದು ಬಿಕ್ಕುತ್ತಾಳೆ. ಆದರೆ ಎದುರಿಗೆ ಅಜ್ಜಿ ಇದ್ದಾಳೆ. ಮುಂದೆ ಮೇ ಕಾಣೆಯಾದಾಗ ಇಡೀ ಊರು ಕೆಲಸ ಬಿಟ್ಟು ಕೆರೆಯಲ್ಲಿ ಗಳ ಹಾಕಿ ಹುಡುಕುತ್ತದೆ. ಬೆಕ್ಕಿನ ಬಸ್ಸು ಬರುವುದು ಆಮೇಲೆ. ಮನುಷ್ಯರು ತಮ್ಮ ಕೈಲಾದದ್ದನ್ನೆಲ್ಲ ಮಾಡಿದ ಮೇಲಷ್ಟೇ ಭೂತದ ಸರದಿ.

ಹಾಗಾದರೆ ಯಾವುದು ಮೇಲು? ಕಲೆಯ ನಿಖರತೆಯಲ್ಲಿ ಮಿಂಚುಹುಳು ಒಂದು ತೂಕ ಹೆಚ್ಚೇ. ಹಣ್ಣುಪೆಪ್ಪರಮಿಂಟಿನ ಖಾಲಿ ಡಬ್ಬಿಗೆ ನೀರು ಹಾಕಿ ಕಲಕಿ ಕುಡಿಯುವ ಸೆತ್ಸುಕೊಗೆ ಸಮನಾದ ದೃಶ್ಯ ಆನಿಮೇಶನ್ನಿನಲ್ಲಿ ಅಪರೂಪ. ಆದರೆ ಆ ಚಿತ್ರಕ್ಕೆ ಒಂದು ದುರದೃಷ್ಟವಿದೆ. ಕಣ್ಣೀರು ಎಷ್ಟು ಬರುತ್ತದೆಂದರೆ ನೋಡಿದವರು ಅತ್ತು ಹಗುರಾಗುತ್ತಾರೆ, ಅತ್ತೆಯನ್ನೋ ಹುಡುಗನನ್ನೋ ಬೈದು ಲೆಕ್ಕ ಮುಗಿಸುತ್ತಾರೆ. ನಿರ್ದೇಶಕ ಬೇಡವೆಂದದ್ದೇ ಇದು. ಲಾರಿ ಯಾಕೆ ನಿಲ್ಲಲಿಲ್ಲ ಎಂಬುದನ್ನು ಆ ಚಿತ್ರ ಪೂರ್ತಿಯಾಗಿ ತೋರಿಸುತ್ತದೆ. ನಿಲ್ಲಿಸುವುದು ಹೇಗೆ ಎಂಬುದನ್ನು ತೋರಿಸಲು ಅದರಲ್ಲಿ ಜಾಗವಿಲ್ಲ.

ತೊತೊರೊ ಕೈಗೆತ್ತಿಕೊಂಡದ್ದು ಆ ಎರಡನೆಯ ಕೆಲಸವನ್ನು, ಮತ್ತು ಅದು ಹೆಚ್ಚು ಕಷ್ಟದ್ದು. ಕೆಟ್ಟದ್ದನ್ನು ನಂಬಿಸುವುದಕ್ಕಿಂತ ಒಳ್ಳೆಯದನ್ನು ನಂಬಿಸುವುದು ಕಷ್ಟ, ಸುಳ್ಳು ಸಿಹಿ ಬೆರೆಸದೆ ನಂಬಿಸುವುದು ಇನ್ನೂ ಕಷ್ಟ. ಇದು ಹಳೆಯ ಹಳ್ಳಿಯ ಬಗ್ಗೆ ಬರೀ ಹಂಬಲ ಎನ್ನುವವರು ಅಮ್ಮನ ಕಾಯಿಲೆಯನ್ನೂ ಕೆರೆಯಲ್ಲಿ ಸಿಕ್ಕ ಪುಟ್ಟ ಚಪ್ಪಲಿಯನ್ನೂ ಮರೆತಿದ್ದಾರೆ. ಮಕ್ಕಳ ಭಯವನ್ನು ಈ ಚಿತ್ರ ಎಲ್ಲೂ ಸಣ್ಣದು ಮಾಡುವುದಿಲ್ಲ, ಆ ಭಯವನ್ನು ಅವರೊಬ್ಬರೇ ಹೊರಲೂ ಬಿಡುವುದಿಲ್ಲ. ಕುಟುಂಬ ಕೂತು ನೋಡುವ ಚಿತ್ರ ಎಂಬ ಮಾತಿಗೆ ಅರ್ಥವಿದ್ದರೆ ಅದು ಇದೇ. ಆದ್ದರಿಂದ ತೀರ್ಪು ತೊತೊರೊ ಪರ.

1988ರಲ್ಲಿ ಗಲ್ಲಾಪೆಟ್ಟಿಗೆ ಎರಡನ್ನೂ ಅಷ್ಟಾಗಿ ಮೆಚ್ಚಲಿಲ್ಲ. ಆದರೆ ‘ಕಿನೆಮಾ ಜುನ್ಪೊ’ ಪತ್ರಿಕೆಯ ವಿಮರ್ಶಕರು ಆ ವರ್ಷದ ಅತ್ಯುತ್ತಮ ಜಪಾನಿ ಚಿತ್ರವೆಂದು ಆರಿಸಿದ್ದು ತೊತೊರೊವನ್ನು. ಜೊತೆಗೂಡಿಸದಿದ್ದರೆ ಹುಟ್ಟುತ್ತಲೇ ಇರಲಿಲ್ಲವಾದ ಆ ಪ್ರಾಣಿಯೇ ಮುಂದೆ ಸ್ಟುಡಿಯೊದ ಲಾಂಛನವಾಯಿತು, ಅದರ ಗೊಂಬೆಗಳ ಮಾರಾಟ ಸ್ಟುಡಿಯೊಗೆ ಆಸರೆಯಾಯಿತು.

ಮಕ್ಕಳ ಜೊತೆ ಎರಡನ್ನೂ ನೋಡುವ ಮನಸ್ಸಿರುವವರು ತೊತೊರೊವನ್ನು ನಾಲ್ಕರ ವಯಸ್ಸಿನಲ್ಲೇ ತೋರಿಸಬಹುದು. ಮಿಂಚುಹುಳುವನ್ನು ಮಗು ಹೈಸ್ಕೂಲಿಗೆ ಬರುವವರೆಗೆ ಕಾಯಿಸಿ, ಜೊತೆಯಲ್ಲೇ ಕೂತು ನೋಡಬೇಕು. ಅದು ಮುಗಿದ ಮೇಲೆ ಅದೇ ವಾರ ತೊತೊರೊವನ್ನು ಮತ್ತೊಮ್ಮೆ ಹಾಕುವುದು ಒಳ್ಳೆಯದು. ಆಗ ಕಾಂತಾ ಕೊಡುವ ಕೊಡೆ ಬೇರೆಯಾಗಿ ಕಾಣುತ್ತದೆ.

ಚಿತ್ರದ ಹಳ್ಳಿಗೆ ಮಾದರಿಯಾದದ್ದು ಟೋಕಿಯೊ ಪಕ್ಕದ ಸಯಾಮಾ ಗುಡ್ಡಗಳು. ಊರು ಬೆಳೆದು ಅಲ್ಲಿನ ಕಾಡು ಒಂದೊಂದಾಗಿ ಮಾಯವಾಗುತ್ತಿದ್ದಾಗ, 1990ರಲ್ಲಿ ಜನ ತೊತೊರೊ ಹೆಸರಿನಲ್ಲಿ ಒಂದು ನಿಧಿ ಶುರುಮಾಡಿದರು. 1991ರಲ್ಲಿ ಚಂದಾ ಹಣದಿಂದ ಕಾಡಿನ ಮೊದಲ ತುಂಡನ್ನು ಕೊಂಡರು. ಅಂಥ ತುಂಡುಗಳು ಈಗ ಹತ್ತಾರು ಇವೆ, ಪ್ರತಿಯೊಂದರ ಬಳಿಯೂ ‘ತೊತೊರೊದ ಕಾಡು’ ಎಂಬ ಹೆಸರು, ಜೊತೆಗೆ ಒಂದು ಅಂಕಿ.