ಬೀಗದ ಕೈ ಕೊಟ್ಟ ಮೇಲೆ

ಬೆಂಗಳೂರಿನ ರಿಯಲ್ ಎಸ್ಟೇಟ್‌ಗೆ ಹೊಸದಾಗಿ ಇಳಿಯುವವರಲ್ಲಿ ಅನೇಕರು ಬಾಡಿಗೆ ಮನೆ ತೋರಿಸುವುದರಿಂದಲೇ ಶುರುಮಾಡುತ್ತಾರೆ. ತಿಂಗಳ ಬಾಡಿಗೆಯಷ್ಟು ಕಮಿಷನ್ ಬಂದು ಬೀಗದ ಕೈ ಕೈಬದಲಾಯಿತೆಂದರೆ ಕೆಲಸ ಮುಗಿಯಿತು. ಮನೆಯನ್ನು ಮುಂದೆ ನೋಡಿಕೊಳ್ಳುವುದು ಅವರ ಕಸುಬಲ್ಲ. ಇದಕ್ಕೆ ದಲ್ಲಾಳಿಗಳನ್ನು ದೂರುವುದು ರೂಢಿ. ಆದರೆ ಕಸುಬನ್ನು ಅಲ್ಲಿಗೇ ನಿಲ್ಲಿಸಿದ್ದು ಹೆಚ್ಚಾಗಿ ಕಾನೂನು. 1961ರ ಬಾಡಿಗೆ ನಿಯಂತ್ರಣ ಕಾಯ್ದೆಯಡಿ ಮನೆ ಖಾಲಿಯಾದರೆ ಮಾಲೀಕರು ಕಂಟ್ರೋಲರ್‌ಗೆ ತಿಳಿಸಬೇಕಿತ್ತು. ಯಾರಿಗೆ ಕೊಡಬೇಕೆಂದು ಆ ಕಚೇರಿಯೇ ಆದೇಶಿಸಬಹುದಿತ್ತು. ಒಳಹೊಕ್ಕವರನ್ನು ಎಬ್ಬಿಸಲು ಕೋರ್ಟು ಹತ್ತಬೇಕು. ಹೀಗಿರುವಾಗ ಮಾಲೀಕರಿಗೆ ಬೇಕಾದದ್ದು ಗೋಡೆಯ ತೇವ ನೋಡುವವನಲ್ಲ, ಕೇಳಿದಾಗ ಬಿಟ್ಟುಹೋಗುವ ಬಾಡಿಗೆದಾರನನ್ನು ಹುಡುಕಿಕೊಡುವವನು. 1908ರ ನೋಂದಣಿ ಕಾಯ್ದೆ ವರ್ಷ ಮೀರಿದ ಕರಾರಿಗೆ ನೋಂದಣಿ ಕೇಳಿದ್ದರಿಂದ 11 ತಿಂಗಳ ಕರಾರು ಬಂತು. ಉಸ್ತುವಾರಿಯ ಜಾಗದಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೂತಿತು: ನಲ್ಲಿ ಮುರಿದರೂ, ಗೋಡೆ ಕೊಳೆಯಾದರೂ ಖಾಲಿ ಮಾಡುವ ದಿನ ಅದರಲ್ಲೇ ಮುರಿದುಕೊಳ್ಳುವುದು. ಪೇಂಟಿಂಗ್‌ಗೆಂದು ಒಂದು ತಿಂಗಳ ಬಾಡಿಗೆ ಹಿಡಿಯುವುದು ಈಗ ಜಗಳಕ್ಕೂ ಬಾರದಷ್ಟು ಮಾಮೂಲು.

ಮಾಲೀಕರೇ ಮೇಲಿನ ಮಹಡಿಯಲ್ಲಿದ್ದು ಸಂಪಿನ ಮೋಟರ್ ಹಾಕುತ್ತಿದ್ದಾಗ ಮ್ಯಾನೇಜರ್ ಯಾಕೆ ಬೇಕಿತ್ತು ಎಂದು ಕೇಳಬಹುದು. ಹಳೆಯ ವಠಾರಗಳ ಮಟ್ಟಿಗೆ ಸರಿ. ಆದರೆ ಮಾಲೀಕರು ಅಮೆರಿಕ ಸೇರಿದ ಮೇಲೂ ಅದೇ ಅಡ್ವಾನ್ಸ್, ಅದೇ ಕರಾರು ಉಳಿದವಲ್ಲ! ಅಪಾರ್ಟ್‌ಮೆಂಟ್ ಸಂಘಗಳಿವೆಯಲ್ಲ ಎಂದರೆ, ಅವು ನೋಡುವುದು ಲಿಫ್ಟು, ಜನರೇಟರು. ಫ್ಲ್ಯಾಟಿನೊಳಗಿನ ಸೋರಿಕೆ ಅವುಗಳ ಲೆಕ್ಕಕ್ಕಿಲ್ಲ. ಮುಂದಿನ ಕಾನೂನುಗಳೂ ಹೆಚ್ಚೇನೂ ಮಾಡಲಿಲ್ಲ. 1999ರ ಬಾಡಿಗೆ ಕಾಯ್ದೆ ದೊಡ್ಡ ನಗರಗಳಲ್ಲೂ ತಿಂಗಳಿಗೆ 3,500 ರೂಪಾಯಿ ಮೀರಿದ ಮನೆಗಳನ್ನು ಹೊರಗಿಟ್ಟಿತು. ಇಂದಿನ ಬೆಂಗಳೂರಿನಲ್ಲಿ ಅದರೊಳಗೆ ಸಿಗುವ ಮನೆ ಎಲ್ಲಿದೆ? 2016ರ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ (ರೇರಾ) ಏಜೆಂಟರಿಗೆ ನೋಂದಣಿ ತಂದಿತು, ಅದೂ ನೋಂದಾಯಿತ ಯೋಜನೆಗಳ ಮಾರಾಟ, ಖರೀದಿಗೆ. ಬಾಡಿಗೆ ವಸೂಲಿ ಮಾಡಿ ರಸೀದಿ ಕೊಡುವ, ರಿಪೇರಿ ಮಾಡಿಸುವ, ಆಗಾಗ ಮನೆ ನೋಡಿಬರುವ ಪ್ರಾಪರ್ಟಿ ಮ್ಯಾನೇಜರನನ್ನು ಹೆಸರಿಟ್ಟು ಕರೆದದ್ದು ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ. ಅದು ಬರಿಯ ಮಾದರಿ. ರಾಜ್ಯ ಒಪ್ಪಿದರಷ್ಟೇ ಜಾರಿ.

ಹಾಗಾಗಿ ಈ ಕೆಲಸಕ್ಕೆ ಇಳಿಯುವವರು ರೇರಾ ಸಂಖ್ಯೆಯೊಂದನ್ನೇ ನೆಚ್ಚಿ ಕೂರಬಾರದು. ಎಷ್ಟು ರೂಪಾಯಿವರೆಗಿನ ರಿಪೇರಿಯನ್ನು ಕೇಳದೆ ಮಾಡಿಸಬಹುದು, ಅಡ್ವಾನ್ಸ್ ಯಾರ ಖಾತೆಯಲ್ಲಿರುತ್ತದೆ, ಹಿಂತಿರುಗಿಸುವವರು ಯಾರು ಎಂಬುದನ್ನು ಮಾಲೀಕರಿಂದ ಮೊದಲೇ ಬರೆಸಿಕೊಳ್ಳಿ.